ಚಳಿಗಾಲದ ತಂಡ

ಫೋನು ಬಂದಾಗ ಸುಚಿತ್ರಾಳ ಎರಡೂ ಕೈ ಮೊಣಕೈವರೆಗೆ ಸಂಡಿಗೆ ಹಿಟ್ಟಿನಲ್ಲಿದ್ದವು. ಮೇ ತಿಂಗಳ ಹನ್ನೊಂದು ಗಂಟೆಯ ಬಿಸಿಲು; ಕಾರ್ಗಲ್ಲಿನ ಕ್ವಾರ್ಟರ್ಸಿನ ತಾರಸಿಯ ಮೇಲೆ ಬರಿಗಾಲಿಟ್ಟರೆ ಚುರ್ ಅನ್ನಬೇಕು. ಇಂಥ ಹೊತ್ತಿನಲ್ಲಿ ಯಾರೇ ಫೋನು ಮಾಡಲಿ, ಎತ್ತುವ ಹೆಂಗಸಲ್ಲ ಅವಳು. ಸುಮ್ಮನೆ ದಂಡವಾಗಿ ಹೋಗುವ ಬಿಸಿಲಿಗಿಂತ ದೊಡ್ಡ ಮಾತು ಯಾರದಿದ್ದೀತು?

ಆದರೆ ನೀರಿನ ಟ್ಯಾಂಕಿನ ನೆರಳಲ್ಲಿ ಕಾಗೆ ಕಾಯುತ್ತ ಕೂತಿದ್ದ ಮಗಳು ಸುಷ್ಮಾ ನಂಬರು ನೋಡಿ ಚೀರಿದಳು. "ಅಮ್ಮಾ, ಗೋವಾದ್ದು! ಗೋವಾ ಆಫೀಸಿಂದು!" ಅವಳು ಬರಿಗಾಲಲ್ಲೇ ಕುಣಿಯುತ್ತ ಓಡಿಬಂದು ಫೋನನ್ನು ತಾಯಿಯ ಕಿವಿಗೆ ಒತ್ತಿದಳು.

"ಸುಚಿತ್ರಾ ಮೇಡಂ ಅಲ್ವಾ? ನಾನು ಮಂಜುನಾಥ. ಸಂದರ್ಶನದ ದಿನ ನಿಮ್ಮ ಮಾತನ್ನ ಹಿಂದಿಯಲ್ಲಿ ಹೇಳ್ತಾ ಇದ್ನಲ್ಲ, ಅವನೇ. ಸಿಹಿ ಸುದ್ದಿ ಮೇಡಂ. ಅಂಟಾರ್ಕ್ಟಿಕಾದ ನಮ್ಮ ಕೇಂದ್ರಕ್ಕೆ ಅಡಿಗೆಯವರಾಗಿ ನೀವು ಆಯ್ಕೆ ಆಗಿದೀರಿ."

"ಅಯ್ಯೋ ದೇವರೇ!" ಎಂದು ಸುಚಿತ್ರಾ ಕೂಗಿದ ಕೂಗಿಗೆ ಅಷ್ಟು ಹೊತ್ತಿನಿಂದ ಯಾವ ಗದರಿಕೆಗೂ ಬಗ್ಗದಿದ್ದ ಕಾಗೆಗಳು ಒಟ್ಟಿಗೇ ಎದ್ದು ಹಾರಿದವು. "ಬಂದೆ ಸಾರ್! ಬಂದೇಬಿಟ್ಟೆ!" ಎಂದಳು, ಬಸ್ಸು ಗೇಟಿನ ಹತ್ತಿರವೇ ನಿಂತಿದೆಯೇನೋ ಎನ್ನುವ ಹಾಗೆ.

ಮಂಜುನಾಥ ನಕ್ಕ. "ತಡೀರಿ ಮೇಡಂ, ಪೂರ್ತಿ ಕೇಳಿ. ಆಗಸ್ಟಲ್ಲಿ ತರಬೇತಿ, ನವೆಂಬರಲ್ಲಿ ಪ್ರಯಾಣ. ಚಳಿಗಾಲದ ತಂಡ, ಒಟ್ಟು ಹದಿನಾಲ್ಕು ತಿಂಗಳು. ನಾಳೆ ಬೆಳಿಗ್ಗೆ ಹತ್ತರ ಒಳಗೆ ಬರ್ತೀನೋ ಇಲ್ವೋ ಅಂತ ಹೇಳ್ಬಿಡಿ. ಇಲ್ಲಾಂದ್ರೆ ಪಟ್ಟಿಯಲ್ಲಿ ಮುಂದಿನೋರನ್ನ ಕರೀತಾರೆ."

"ಹದಿನಾಲ್ಕಾ? ನಾಲ್ಕು ತಿಂಗಳಲ್ವಾ ಸಾರ್?"

"ನಾಲ್ಕು ಬೇಸಿಗೆ ತಂಡಕ್ಕೆ. ಅದಕ್ಕೆ ಆಗಲೇ ಬೇರೆಯವರು ಆಗಿಹೋಗಿದಾರೆ. ನೀವು ಬರೆದಿದ್ದು ಚಳಿಗಾಲದ್ದು. ಆಮೇಲೆ ಸಮುದ್ರ ಹೆಪ್ಪುಗಟ್ಟಿಬಿಡುತ್ತೆ ನೋಡಿ, ಹಡಗು ವಾಪಸು ಬರೋದು ಮಾರನೇ ವರ್ಷಾನೇ. ಮೇ ಕೊನೆಯಿಂದ ಜುಲೈ ಕೊನೆತನಕ ಸೂರ್ಯ ಹುಟ್ಟೋದೇ ಇಲ್ಲ. ನಿಮಗೆ ಗೊತ್ತೇ ಇದೆಯಲ್ಲ."

ಗೊತ್ತಿರಲಿಲ್ಲ. ಸುಚಿತ್ರಾ ಇದ್ದಲ್ಲೇ ಕುಸಿದು ಕೂತಳು. ಕೂತದ್ದು ಆಗತಾನೆ ಇಟ್ಟ ಮೂರು ಸಾಲು ಹಸಿ ಸಂಡಿಗೆಯ ಮೇಲೆ.

ಸುಚಿತ್ರಾಳಿಗೆ ಬಿಸಿಲೆಂದರೆ ಪ್ರಾಣ. ಅವಳು ಆನಂದಪುರದ ಕಡೆಯ ಹೆಣ್ಣು. ಅಲ್ಲಿಂದ ಕಾರ್ಗಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಎರಡು ಗಂಟೆಯ ದಾರಿಯಲ್ಲಿ ಆಕಾಶವೇ ಬದಲಾಗುತ್ತದೆಂದು ಮದುವೆ ಮಾಡಿಕೊಟ್ಟವರು ಯಾರೂ ಅವಳಿಗೆ ಹೇಳಿರಲಿಲ್ಲ. ಹದಿನೆಂಟು ವರ್ಷದ ಹಿಂದೆ, ಮದುವೆಯಾದ ಮೊದಲ ಮಳೆಗಾಲ, ಆರಿದ್ರಾ ಮಳೆ ಹಿಡಿದು ಎಂಟು ದಿನವಾದ ಮೇಲೆ ಅವಳು ಗಂಡನನ್ನು ಕೇಳಿದ್ದಳು, "ಇದು ನಿಲ್ಲೋದು ಯಾವಾಗ?" ಗಂಡ ಸುತ್ತಮುತ್ತ ನೋಡಿ, "ಯಾವ್ದು?" ಎಂದಿದ್ದ.

ಆವತ್ತಿನಿಂದ ಅವಳಿಗೆ ಮಳೆಗಾಲವೆಂದರೆ ಆಗದು. ಉಳಿದಂತೆ ಅವಳೇನು ಸಾಮಾನ್ಯಳಲ್ಲ. ಸಾಗರ, ಹೊಸನಗರ, ತೀರ್ಥಹಳ್ಳಿ, ಮೂರು ತಾಲ್ಲೂಕಿನ ಮದುವೆ ಗೃಹಪ್ರವೇಶಗಳಿಗೆ ಅಡಿಗೆಗೆ ಹೋಗುವವಳು. ಐನೂರು ಎಲೆಯ ಊಟವನ್ನು ಇಬ್ಬರು ಹೆಂಗಸರನ್ನಿಟ್ಟುಕೊಂಡು ಇಳಿಸುವ ಗಟ್ಟಿಗಿತ್ತಿ. ಅಂಥವಳು ಆಷಾಢದ ಹೊತ್ತಿಗೆ ಮಂಕಾಗಿಬಿಡುತ್ತಿದ್ದಳು. ಬಟ್ಟೆ ಒಣಗುತ್ತಿರಲಿಲ್ಲ. ಮಧ್ಯಾಹ್ನ ಮೂರಕ್ಕೇ ಲೈಟು ಹಾಕಬೇಕು. ಕಿಟಕಿಯ ಹತ್ತಿರ ಕೂತು ಕಾರಣವಿಲ್ಲದೆ ಕಣ್ಣೀರು ಹಾಕುವುದು, ಯಾರಾದರೂ ಮಾತಾಡಿಸಿದರೆ ಹರಿಹಾಯುವುದು. "ಬಿಸಿಲು ಇಲ್ದಿದ್ರೆ ನಾ ಮನುಷ್ಯಳೇ ಅಲ್ಲ," ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು.

ಗಂಡ ಶಿವರಾಮನದು ತದ್ವಿರುದ್ಧ. ಅವನಿಗೆ ಅಣೆಕಟ್ಟೆಯಲ್ಲಿ ಮಳೆ ಅಳೆಯುವ ಕೆಲಸ. ದಿನಾ ಬೆಳಿಗ್ಗೆ ಎಂಟೂವರೆಗೆ ಮಾಪಕದ ನೀರನ್ನು ಗಾಜಿನ ಜಾಡಿಗೆ ಬಗ್ಗಿಸಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಆಫೀಸಿನ ಪುಸ್ತಕದಲ್ಲಿ ಬರೆಯಬೇಕು. ಬರೆದಾದ ಮೇಲೆ ಸ್ವಂತದ ಒಂದು ಡೈರಿಯಲ್ಲೂ ಬರೆದುಕೊಳ್ಳುತ್ತಿದ್ದ. ಅದು ಅವನ ಹುಚ್ಚು. ಬೇಸಿಗೆಯಲ್ಲಿ ಒದ್ದೆ ಟವೆಲು ಹೆಗಲ ಮೇಲೆ ಹಾಕಿಕೊಂಡು, ಸೆಕೆ ಸೆಕೆ ಎಂದು ಮನೆಯವರ ಜೀವ ತಿನ್ನುವವನು ಮೋಡ ಕವಿದರೆ ಶಿಳ್ಳೆ ಹಾಕುತ್ತಿದ್ದ. ಒಮ್ಮೆ ರಾಯಚೂರಿನ ಕಡೆಗೆ ವರ್ಗವಾಗಿತ್ತು. ಸುಚಿತ್ರಾ ಹಿಗ್ಗಿ ಹೀರೇಕಾಯಿಯಾಗಿ ಪಾತ್ರೆಪಡಗವನ್ನೆಲ್ಲ ಮೂಟೆ ಕಟ್ಟಿ ಕೂತಿದ್ದಳು. ಅವನೋ ಯಾರ್ಯಾರ ಕೈಕಾಲು ಹಿಡಿದು ಅದನ್ನು ರದ್ದು ಮಾಡಿಸಿಕೊಂಡು ಬಂದ. "ಆ ಬಿಸ್ಲಲ್ಲಿ ಮನುಷ್ಯ ಇರ್ತಾನನೇ? ಹಪ್ಪಳ ಆಗ್ತಾನೆ," ಎಂದ. ಹದಿನೈದು ವರ್ಷವಾದರೂ ಅವಳು ಅದನ್ನು ಮರೆತಿರಲಿಲ್ಲ. ಪ್ರತಿ ಜುಲೈಯಲ್ಲೂ ಒಂದು ದಿನ ರಾಯಚೂರಿನ ಹೆಸರಿನಲ್ಲಿ ಆ ಮನೆಯಲ್ಲಿ ಜಗಳವಾಗಲೇಬೇಕು.

ಹೀಗಿರುವಾಗ ಜನವರಿಯಲ್ಲಿ ಒಂದು ದಿನ ಸುಷ್ಮಾ ಫೋನಿನಲ್ಲಿ ಜಾಹೀರಾತು ಓದಿದಳು. ಅಂಟಾರ್ಕ್ಟಿಕಾಕ್ಕೆ ಅಡಿಗೆಯವರು ಬೇಕಾಗಿದ್ದಾರೆ. "ಅಮ್ಮ, ಅಲ್ಲಿ ಡಿಸೆಂಬರಿನ ಸುತ್ತ ಎರಡು ತಿಂಗ್ಳು ಸೂರ್ಯ ಮುಳುಗೋದೇ ಇಲ್ವಂತೆ!"

"ಮುಳುಗಲ್ಲ ಅಂದ್ರೆ? ಸಂಜೆ ಎಲ್ಲಿ ಹೋಗ್ತಾನೆ?"

"ಎಲ್ಲೂ ಹೋಗಲ್ಲ. ಸುತ್ತ ತಿರುಗ್ತಾ ಇರ್ತಾನೆ."

ಸುಚಿತ್ರಾ ಆ ದಿನವೆಲ್ಲ ನೆಲದ ಮೇಲೆ ನಡೆಯಲಿಲ್ಲ. ಅರವತ್ತು ದಿನ, ದಿನಕ್ಕೆ ಇಪ್ಪತ್ತನಾಲ್ಕು ಗಂಟೆ, ಒಂದೇ ಸಮನೆ ಬಿಸಿಲು! ಹಿಮದ ಮೇಲೆ ಹಾಸಿದರೆ ಸಂಡಿಗೆ ಒಣಗೀತೋ ಇಲ್ಲವೋ, ನೋಡೇಬಿಡುವುದು. ಹದಿನೆಂಟು ಮಳೆಗಾಲದ ಬಾಕಿ ಬಿಸಿಲನ್ನು ಒಂದೇ ಗುಕ್ಕಿಗೆ ವಸೂಲು ಮಾಡಿಕೊಂಡು ಬರಬಹುದಲ್ಲ. ಗಂಡನೂ ಬೇಡವೆನ್ನಲಿಲ್ಲ. ನವೆಂಬರಿಗೆ ಹೋಗಿ ಯುಗಾದಿಯ ಹೊತ್ತಿಗೆ ಬರುವುದು ತಾನೇ, ರಾಯಚೂರಿನ ಮಾತಾದರೂ ನಿಲ್ಲಲಿ ಎಂದುಕೊಂಡ.

ಅರ್ಜಿ ತುಂಬಿದ್ದು ಸುಷ್ಮಾ. ಎಡವಿದ್ದು ಅಲ್ಲೇ.

"ಅಮ್ಮ, ಬೇಸಿಗೆ ತಂಡವೋ ಚಳಿಗಾಲದ ತಂಡವೋ ಅಂತ ಕೇಳ್ತಾ ಇದೆ," ಎಂದಿದ್ದಳು ಆವತ್ತು.

ಸುಚಿತ್ರಾ ಒಗ್ಗರಣೆ ಸೌಟು ಕೈಯಲ್ಲಿ ಹಿಡಿದುಕೊಂಡೇ ಉತ್ತರ ಕೊಟ್ಟಿದ್ದಳು. "ಡಿಸೆಂಬರ್ ಯಾವ ಕಾಲನೇ? ಚಳಿಗಾಲ ಅಲ್ವಾ? ಒಳ್ಳೆ ಬಿಸಿಲು ಬೀಳೋದೂ ಆವಾಗಲೇ ಅಲ್ವಾ? ಹಾಕು ಅದನ್ನೇ."

ಮಲೆನಾಡಿನಲ್ಲಿ ಇದಕ್ಕಿಂತ ಸರಿಯಾದ ಮಾತು ಇನ್ನೊಂದಿಲ್ಲ. ಚಳಿ ಬಿದ್ದ ಮೇಲೆಯೇ ಆಕಾಶ ತಿಳಿಯಾಗುವುದು, ಒಣಗಿಸುವ ಸಾಮಾನೆಲ್ಲ ಅಂಗಳಕ್ಕೆ ಬರುವುದು. ಕಾಮರ್ಸ್ ಓದುತ್ತಿದ್ದ ಸುಷ್ಮಾಳಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಇಬ್ಬರೂ ಸೇರಿ ಚಳಿಗಾಲಕ್ಕೆ ಗುರುತು ಹಾಕಿ ಕಳಿಸಿದರು.

ಸಂದರ್ಶನವೂ ಅದೇ ಧಾಟಿಯಲ್ಲಿ ಮುಗಿದಿತ್ತು. ಗೋವಾದಲ್ಲಿ ಅವಳು ಮಾಡಿಟ್ಟ ಚಪಾತಿ, ದಾಲು, ಮೀನುಸಾರು ಉಂಡು ತೃಪ್ತರಾದ ಹಿರಿಯ ಅಧಿಕಾರಿಯೊಬ್ಬರು ಹಿಂದಿಯಲ್ಲಿ ಕೇಳಿದರು. ಜೂನ್ ಜುಲೈಯಲ್ಲಿ ಕತ್ತಲೆ ಇರುತ್ತದಲ್ಲಮ್ಮ, ಹೇಗೆ ನಿಭಾಯಿಸುತ್ತೀರಿ? ಮಂಜುನಾಥ ಅದನ್ನು ಕನ್ನಡದಲ್ಲಿ ಹೇಳಿದ. ಎಲ್ಲಿಯವರೋ ಏನೋ, ನಮ್ಮ ಊರಿನ ಮಳೆಗಾಲದ ವಿಚಾರ ಇಷ್ಟು ಸರಿಯಾಗಿ ತಿಳಿದುಕೊಂಡಿದ್ದಾರಲ್ಲ ಎಂದು ಸುಚಿತ್ರಾಳಿಗೆ ಅವರ ಮೇಲೆ ಅಭಿಮಾನ ಉಕ್ಕಿಬಂತು. "ಹದಿನೆಂಟು ವರ್ಷದಿಂದ ನಿಭಾಯಿಸ್ತಾ ಇದೀನಿ ಸಾರ್, ನಮಗೇನು ಹೊಸದಲ್ಲ," ಎಂದಳು. ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ಏನೋ ಬರೆದುಕೊಂಡರು.

ಈಗ ತಾರಸಿಯ ಮೇಲೆ ಸುಷ್ಮಾ ಸಂಡಿಗೆಗೆ ತಂದಿಟ್ಟ ಬೂದುಗುಂಬಳಕಾಯಿಯನ್ನೇ ಭೂಮಿ ಮಾಡಿಕೊಂಡು, ಒಂದು ಕೈಯಲ್ಲಿ ಫೋನು ನೋಡುತ್ತ, ಇನ್ನೊಂದು ಕೈಯಲ್ಲಿ ಕಾಯಿಯನ್ನು ವಾಲಿಸಿ ವಾಲಿಸಿ ತೋರಿಸಿದಳು.

"ನೋಡಮ್ಮ, ತೊಟ್ಟಿನ ಕಡೆ ಉತ್ತರ. ನಾವು ಇಲ್ಲಿ, ನಡುವಿನ ಹತ್ರ, ಹದಿನಾಲ್ಕು ಡಿಗ್ರಿ. ನಮಗೆ ವರ್ಷ ಪೂರ್ತಿ ಹಗಲು ರಾತ್ರಿ ಹೆಚ್ಚುಕಮ್ಮಿ ಸಮ. ಅದು ಇರೋದು ಇಲ್ಲಿ, ತಳದಲ್ಲಿ, ಎಪ್ಪತ್ತು ಡಿಗ್ರಿ. ಡಿಸೆಂಬರಲ್ಲಿ ತಳ ಸೂರ್ಯನ ಕಡೆ ವಾಲಿರ್ತದೆ. ಅದಕ್ಕೇ ಅಲ್ಲಿ ಡಿಸೆಂಬರೇ ಬೇಸಿಗೆ! ಜೂನಲ್ಲಿ ಈ ಕಡೆ ವಾಲಿದಾಗ ಚಳಿಗಾಲ, ಕತ್ಲೆ." ಅಷ್ಟು ಹೇಳುವ ಹೊತ್ತಿಗೆ ಅವಳ ದನಿ ಸಣ್ಣದಾಗಿತ್ತು. "ನಾವು ಉಲ್ಟಾ ಬರ್ದಿದೀವಿ ಅಮ್ಮ."

"ಕಾಲೇಜಿಗೆ ಹೋಗೋಳು ನೀನು! ನಿಂಗಾದ್ರೂ ಗೊತ್ತಾಗಬಾರ್ದಾಗಿತ್ತನೇ?"

"ನಂದು ಕಾಮರ್ಸ್ ಅಲ್ವಾ!" ಎಂದಳು ಸುಷ್ಮಾ, ಅಳುವೋ ನಗುವೋ ತಿಳಿಯದ ಮುಖದಲ್ಲಿ. ಕೊನೆಗೆ ನಗೆಯೇ ಗೆದ್ದಿತು. ತಾಯಿಯ ಸೀರೆಯ ಹಿಂಭಾಗಕ್ಕೆ ಅಂಟಿದ ಸಂಡಿಗೆಗಳನ್ನು ಒಂದೊಂದಾಗಿ ಕಿತ್ತು ಮತ್ತೆ ಪ್ಲಾಸ್ಟಿಕ್ ಹಾಳೆಯ ಮೇಲಿಡುತ್ತ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಯ್ಕೆಯಂತೂ ಆಗಿದೆ. ಎಂಥೆಂಥ ಹೋಟೆಲಿನ ಅಡಿಗೆಯವರು ಬಂದಿದ್ದರು ಅಲ್ಲಿ! ಅವರೆಲ್ಲರನ್ನು ಬಿಟ್ಟು ಕಾರ್ಗಲ್ಲಿನ ಸುಚಿತ್ರಾ ಬೇಕಂತೆ. ಇಡೀ ಊರಿಗೆ ಕೂಗಿ ಹೇಳಬೇಕೆನ್ನಿಸಿತು.

ಶಿವರಾಮ ಊಟಕ್ಕೆ ಬಂದಾಗ ಅವಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಅವನು ಮೊದಲ ಅರ್ಧ ಕೇಳಿ, "ಹೋ, ಭೇಷ್! ಹೇಳಿರ್ಲಿಲ್ವನೇ ನಾನು?" ಎಂದು ಚಪ್ಪಾಳೆ ತಟ್ಟಿದ. ಹದಿನಾಲ್ಕು ತಿಂಗಳು ಎಂಬ ಮಾತು ಬಂದಾಗ ತಟ್ಟಿದ ಕೈ ಹಾಗೇ ನಿಂತಿತು.

"ಹದಿನಾಲ್ಕಾ?"

"ಹೂಂ. ಅದ್ರಲ್ಲಿ ಎರಡು ತಿಂಗ್ಳು ಕಗ್ಗತ್ಲೆ."

ಒಳಕೋಣೆಯಿಂದ ಅತ್ತೆ ಮಾಸ್ತಮ್ಮ ಗೋಡೆ ಹಿಡಿದುಕೊಂಡು ಬಂದರು. ಎಪ್ಪತ್ತು ದಾಟಿದ ಜೀವ; ಕಾಲು ಸೋತಿದ್ದರೂ ಕಿವಿ ಸೋತಿರಲಿಲ್ಲ. ಹುಡುಗಿಯಾಗಿದ್ದಾಗ ಇದ್ದ ಊರು ಅಣೆಕಟ್ಟೆಯ ನೀರಿನಲ್ಲಿ ಹೋದದ್ದು, ಗಂಟುಮೂಟೆ ಹೊತ್ತು ಬಂದದ್ದು ಅವರಿಗೆ ನಿನ್ನೆ ಮೊನ್ನೆಯ ಹಾಗೆ ನೆನಪಿತ್ತು.

"ಎಂತ ಯೋಚ್ನೆ ಮಾಡ್ತಿ? ಹೋಗಿ ಬಾರೇ," ಎಂದರು. "ನಾ ಮುಳುಗಿದ ಊರು ನೋಡ್ದೋಳು. ಮುಳುಗ್ದೇ ಇರೋ ಸೂರ್ಯನ್ನ ನೀನಾರೂ ನೋಡ್ಕಂಡು ಬಾ."

"ಅತ್ತೆ, ಮುಳುಗದ ಸೂರ್ಯನ ಜೊತೆ ಹುಟ್ಟದ ಸೂರ್ಯನೂ ಬತ್ತದಲ್ಲ. ಅದ್ಕೆ ಎಂತ ಮಾಡ್ಲಿ?"

ಶಿವರಾಮ ತಲೆ ಬಗ್ಗಿಸಿ ಉಂಡ. ಎರಡನೇ ಸಲ ಅನ್ನ ಬೇಕೇ ಎಂದು ಕೇಳುವುದರೊಳಗೆ ಎದ್ದು ಕೈ ತೊಳೆದ.

ಸಂಜೆ ಸಂಡಿಗೆ ಒಳಗೆ ತರುವ ಹೊತ್ತಿಗೆ ಸುಚಿತ್ರಾ ನಿರ್ಧಾರಕ್ಕೆ ಬಂದಿದ್ದಳು. ಚಳಿಗೆ ಅವಳು ಹೆದರಲಿಲ್ಲ. ದಪ್ಪ ಕೋಟು ಅವರೇ ಕೊಡುತ್ತಾರೆ. ಮನೆಯವರನ್ನು ಬಿಟ್ಟಿರುವುದು ಕಷ್ಟ, ಆದರೂ ಸುಷ್ಮಾ ದೊಡ್ಡವಳಾಗಿದ್ದಾಳೆ. ಕತ್ತಲೆಯದೇ ಹೆದರಿಕೆ. ಇಲ್ಲಿಯ ಮಳೆಗಾಲದಲ್ಲಿ ಮೋಡದ ಹಿಂದಾದರೂ ಸೂರ್ಯ ಇರುತ್ತಾನೆ. ಅಷ್ಟಕ್ಕೇ ಕಿಟಕಿ ಹಿಡಿದು ಅಳುವವಳು, ಪೂರ್ತಿ ಕತ್ತಲೆಯಲ್ಲಿ ಏನಾದಾಳು? ನಡುವೆ ತಲೆ ಕೆಟ್ಟರೆ ಹತ್ತಿ ಬರಲು ಬಸ್ಸಿಲ್ಲ. ನಂಬಿ ಕರೆದುಕೊಂಡು ಹೋದವರಿಗೆ ಗಂಜಿ ಬೇಯಿಸಲೂ ಆಗದೆ ಮೂಲೆ ಹಿಡಿದರೆ ಅದಕ್ಕಿಂತ ದೊಡ್ಡ ಅವಮಾನ ಬೇರೆ ಇಲ್ಲ.

"ಬೇಡ ಅಂತ ಹೇಳ್ಬಿಡ್ತೀನಿ ನಾಳೆ," ಎಂದಳು, ಹಾಳೆ ಮಡಿಸುತ್ತ. "ಆ ಕತ್ಲೆ ನನ್ನಿಂದ ಆಗಲ್ಲ ಕಣ್ರೀ. ನಂಗೇ ಗೊತ್ತಲ್ಲ ನನ್ನ ಹಣೆಬರ."

ಶಿವರಾಮ ಹಾಳೆಯ ಇನ್ನೊಂದು ತುದಿ ಹಿಡಿದಿದ್ದ. ಅವನ ಮುಖ ಒಮ್ಮೆಗೇ ಹಗುರಾಯಿತು. ಅದನ್ನು ಮುಚ್ಚಿಡುವುದೂ ಅವನಿಂದ ಆಗಲಿಲ್ಲ.

"ಹೌದು, ಬೇಡ ಬಿಡು," ಎಂದ. "ಅಷ್ಟು ದೂರ ಯಾಕೆ ಸುಮ್ನೆ." ಹೇಳಿ, ಮೆಟ್ಟಿಲಿಳಿಯುವಾಗ ಎಷ್ಟೋ ದಿನದ ಮೇಲೆ ಬೇಸಿಗೆಯಲ್ಲೂ ಶಿಳ್ಳೆ ಹಾಕಿದ. ಸುಚಿತ್ರಾಳಿಗೆ ಆ ಶಿಳ್ಳೆ ಕೇಳಿ ಮೈ ಉರಿದುಹೋಯಿತು.

ಮಾರನೇ ದಿನ ಬೆಳಿಗ್ಗೆ ಅವನು ಎಂದಿನಂತೆ ಅಣೆಕಟ್ಟೆಗೆ ಹೋದ. ಒಂಬತ್ತೂಕಾಲಿಗೇ ವಾಪಸು ಬಂದ. ಬೈಕು ನಿಲ್ಲಿಸಿದವನು ಚಪ್ಪಲಿ ಕಳಚದೆ ಒಳಗೆ ನುಗ್ಗಿ, ಅಟ್ಟದ ಮೇಲಿನ ಟ್ರಂಕು ಇಳಿಸಿ, ಹಳೆಯ ಡೈರಿಗಳನ್ನು ನೆಲದ ಮೇಲೆ ಸುರಿದ. ಒಂದನ್ನು ಹುಡುಕಿ ತೆಗೆದುಕೊಂಡು ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತ. ರಾತ್ರಿ ನಿದ್ದೆಯಿಲ್ಲದ ಕಣ್ಣು.

"ಸುಚಿ, ಒಂದು ಕೇಳ್ತೀನಿ, ಸರಿಯಾಗಿ ನೆನಪು ಮಾಡ್ಕಂಡು ಹೇಳು. ಟವರಿನೋರು ಬಂದಿದ್ರಲ್ಲ, ಆ ವರ್ಷ ಮಳೆ ಹ್ಯಾಂಗಿತ್ತು?"

ಟವರಿನವರೆಂದರೆ ವಿದ್ಯುತ್ ಟವರು ಹಾಕಲು ಬಂದ ಬಂಗಾಳದ ಕಡೆಯ ಅರವತ್ತು ಮಂದಿ. ಅದು ಆರು ವರ್ಷದ ಹಿಂದಿನ ಮಾತು. ಮಳೆ ಶುರುವಾಗುವ ಹೊತ್ತಿಗೆ ಅವರ ಅಡಿಗೆಯವನು ಹೇಳದೆ ಕೇಳದೆ ಓಡಿಹೋಗಿದ್ದ. ಕ್ವಾರ್ಟರ್ಸಿನ ಹಿಂದಿನ ಹಳೆಯ ಶೆಡ್ಡಿನಲ್ಲಿದ್ದ ಅವರಿಗೆಲ್ಲ ಜೂನಿನಿಂದ ಆಗಸ್ಟಿನವರೆಗೆ ಮೂರು ಹೊತ್ತೂ ಬೇಯಿಸಿ ಹಾಕಿದ್ದು ಸುಚಿತ್ರಾ.

"ಆ ವರ್ಷ ಮಳೆನೇ ಇರ್ಲಿಲ್ವಲ್ಲ," ಎಂದಳು ಅವಳು, ಯೋಚಿಸದೆ. "ಒಳ್ಳೆ ವರ್ಷ ಅದು. ಈಗ ಅದೆಲ್ಲ ಯಾಕೆ?"

ಶಿವರಾಮ ಡೈರಿ ತೆರೆದ. ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ ನಿಂತು ಓದಿದ. "ಜುಲೈ ಆರು, ನೂರ ಹದಿನಾಲ್ಕು ಮಿಲಿಮೀಟರು. ಏಳು, ತೊಂಬತ್ತೆಂಟು. ಎಂಟು, ನೂರ ನಲವತ್ತು. ಒಂಬತ್ತು, ನೂರ ಅರವತ್ತೆರಡು." ಹಾಳೆ ತಿರುಗಿಸಿದ. "ಇಪ್ಪತ್ತೊಂದು ದಿನ ಒಂದೇ ಸಮ. 'ಬಿಸಿಲು ಇಲ್ಲ, ಬಿಸಿಲು ಇಲ್ಲ' ಅಂತ ಬದಿಗೆ ಬರ್ದಿದೀನಿ ನೋಡು. ನಾ ಕೆಲಸಕ್ಕೆ ಸೇರಿದ ಮೇಲೆ ಅಳೆದ ದೊಡ್ಡ ಮಳೆಗಾಲ ಅದು ಮಾರಾಯ್ತಿ."

"ಸುಳ್ಳು! ಬೇರೆ ವರ್ಷದ್ದು ತಂದಿದೀರಿ."

"ಸುಳ್ಳಲ್ಲ ಕಣೇ," ಎಂದರು ಮಾಸ್ತಮ್ಮ, ಒಳಗಿನಿಂದ. "ಹಿತ್ಲ ಗೋಡೆ ಕುಸಿದು ಬಿದ್ದಿದ್ದೇ ಆ ವರ್ಷ. ಮಳೆ ಹೊಡ್ತಕ್ಕೆ."

ಗೋಡೆ ಬಿದ್ದದ್ದು ಸುಚಿತ್ರಾಳಿಗೆ ಚೆನ್ನಾಗಿ ನೆನಪಿತ್ತು. ಬಿದ್ದ ಗೋಡೆಯ ಕಲ್ಲುಗಳನ್ನು ಹೊತ್ತು ತಂದು, ಅರವತ್ತು ಮಂದಿಯ ಅನ್ನಕ್ಕೆ ಎರಡು ಒಲೆ ಸಾಲದೆಂದು ಶೆಡ್ಡಿನಲ್ಲಿ ಮೂರನೇ ಒಲೆ ಹೂಡಿದ್ದು ಅವಳೇ. ಒಲೆ ಹೂಡಿದ್ದು ನೆನಪಿದೆ. ಅದರ ಮೇಲೆ ಸಾಸಿವೆ ಅರೆದು ಹಾಕಿದ ಮೀನು ಕುದಿದಾಗ ಆ ಹುಡುಗರು ತಟ್ಟೆ ಬಡಿದು ಹಾಡು ಹೇಳಿದ್ದು ನೆನಪಿದೆ. ಊರಿಗೆ ಹೋಗುವಾಗ ಅವರಲ್ಲೊಬ್ಬ ಕಾಲಿಗೆ ಬಿದ್ದದ್ದು ನೆನಪಿದೆ. ಮಳೆ ಮಾತ್ರ ಎಷ್ಟು ತಡಕಿದರೂ ನೆನಪಿಗೆ ಬರಲಿಲ್ಲ. ಗೋಡೆ ಯಾಕೆ ಬಿತ್ತೆಂದು ಆರು ವರ್ಷದಲ್ಲಿ ಒಮ್ಮೆಯೂ ಅವಳು ಕೇಳಿಕೊಂಡಿರಲಿಲ್ಲ.

"ಆ ವರ್ಷ ನಾನು ಅತ್ತಿದ್ನಾ?" ಎಂದು ಕೇಳಿದಳು, ಮೆಲ್ಲಗೆ.

"ಅಳೋಕೆ ನಿಂಗೆಲ್ಲಿ ಪುರುಸೊತ್ತಿತ್ತು? ರಾಯಚೂರಿನ ಜಗಳನೂ ಆಗ್ಲಿಲ್ಲ ಆ ವರ್ಷ. ಜುಲೈ ಮುಗಿದ ಮೇಲೆ, ಎಂತದೋ ಒಂದು ಬಿಟ್ಟುಹೋಗಿದ್ಯಲ್ಲ ಅಂತ ನಂಗೇ ಅನ್ಸಿತ್ತು."

ಸುಚಿತ್ರಾಳಿಗೆ ನಗು ಬಂತು. ನಗುವಿನ ಹಿಂದೆಯೇ ಮೈ ಜುಮ್ಮೆಂದಿತು. ಹದಿನೆಂಟು ವರ್ಷ ಬಿಸಿಲು ಬಿಸಿಲು ಎಂದು ಜಪ ಮಾಡಿದ್ದೆಲ್ಲ ಬಿಸಿಲಿಗೋ, ಬಿಸಿಲಿನ ಕಾಲದಲ್ಲಿ ಕೈತುಂಬ ಬರುವ ಅಡಿಗೆಗೋ? ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ, ಯಾರೂ ಅವಳನ್ನು ಕರೆಯುವುದಿಲ್ಲ. ಪಾತ್ರೆ ಬೋರಲು ಹಾಕಿ ಕಿಟಕಿಯ ಬಳಿ ಕೂತವಳಿಗೆ ಮಳೆ ಕಂಡಿತ್ತು. ಕೂರದೇ ಇದ್ದ ವರ್ಷ ಕಾಣಲಿಲ್ಲ. ಅವಳು ತಲೆಯೆತ್ತಿ ಗಂಡನನ್ನು ನೋಡಿದಳು.

"ನಿನ್ನೆ ಬೇಡ ಬಿಡು ಅಂದ್ರಲ್ಲ. ಶಿಳ್ಳೆ ಬೇರೆ ಹಾಕಿದ್ರಿ. ಮತ್ಯಾಕೆ ಇದನ್ನ ತಂದು ತೋರಿಸ್ತೀರಿ?"

ಶಿವರಾಮ ಡೈರಿ ಮುಚ್ಚಿದ. ಹೆಬ್ಬೆರಳಿನಿಂದ ಅದರ ಅಂಚಿನ ಧೂಳು ಒರೆಸಿದ. "ನೀ ಹೋಗೋದು ನಂಗೆ ಬ್ಯಾಡ. ಒಂಚೂರೂ ಬ್ಯಾಡ," ಎಂದ. "ಆದ್ರೆ ಇವತ್ತು ಜಾಡಿ ಹಿಡ್ಕಂಡು ನಿಂತಾಗ ಈ ವರ್ಷದ ನೆನಪಾತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಮಿಲಿಮೀಟರು ನಾ ಹೆಚ್ಚುಕಮ್ಮಿ ಬರ್ದಿಲ್ಲ. ಇದನ್ನ ಮುಚ್ಚಿಟ್ಟು ನಿನ್ನನ್ನ ಮನೇಲಿ ಇಟ್ಕಂಡ್ರೆ, ನಾಳೆಯಿಂದ ಆ ಜಾಡಿ ಹ್ಯಾಂಗೆ ಹಿಡೀಲಿ?"

ಗೋಡೆಯ ಗಡಿಯಾರದಲ್ಲಿ ಹತ್ತಕ್ಕೆ ಎಂಟು ನಿಮಿಷ ಇತ್ತು. ಸುಷ್ಮಾ ಆಗಲೇ ಫೋನು ಹಿಡಿದು ನಿಂತಿದ್ದಳು. "ಅಮ್ಮ, ಮಾಡ್ಲಾ? ಮಾಡ್ಲಾ?" ಸುಚಿತ್ರಾ ಕೈ ಒರೆಸಿಕೊಂಡು ಫೋನು ಕಸಿದುಕೊಂಡಳು. ಅವಸರಕ್ಕೆ ಎರಡು ಸಲ ತಪ್ಪು ನಂಬರು ಒತ್ತಿದಳು.

"ಹೇಳಿ ಮೇಡಂ," ಎಂದ ಮಂಜುನಾಥ. "ಏನು ಯೋಚ್ನೆ ಮಾಡಿದ್ರಿ?"

"ಸಾರ್, ಒಂದು ಕೇಳ್ಬೇಕು. ಎಷ್ಟು ಜನ ಊಟಕ್ಕೆ?"

"ಇಪ್ಪತ್ತಮೂರು ಮೇಡಂ. ನಿಮ್ಮನ್ನೂ ಸೇರಿಸಿ."

"ಎಷ್ಟು ಹೊತ್ತು?"

"ನಾಷ್ಟಾ, ಊಟ, ಸಂಜೆ ತಿಂಡಿ, ಊಟ. ನಾಲ್ಕು ಹೊತ್ತು."

"ಆ ಎರಡು ತಿಂಗ್ಳು, ಕತ್ಲೆಲೂ?"

"ಕತ್ತಲೆಯಲ್ಲಿ ಹಸ್ವು ಜಾಸ್ತಿ ಮೇಡಂ. ಮಾಡೋಕೆ ಬೇರೆ ಏನಿರುತ್ತೆ ಹೇಳಿ? ಗಂಟೆ ನೋಡ್ಕೊಂಡು ಅಡಿಗೆಮನೆ ಬಾಗಿಲಲ್ಲೇ ನಿಂತಿರ್ತಾರೆ ಎಲ್ಲ. ಜೂನ್ ಇಪ್ಪತ್ತೊಂದಕ್ಕೆ, ಕತ್ತಲೆ ಅರ್ಧ ಮುಗೀತು ಅಂತ, ದೊಡ್ಡ ಹಬ್ಬದೂಟ ಬೇರೆ."

ಸುಚಿತ್ರಾಳ ಕಣ್ಣು ಅರಳಿತು. ಇಪ್ಪತ್ತಮೂರು ಮಂದಿ, ನಾಲ್ಕು ಹೊತ್ತು, ಜೂನಿನಲ್ಲಿ ಹಬ್ಬದೂಟ! ಏನು ಮಾಡುವುದು ಹಬ್ಬಕ್ಕೆ? ಹೋಳಿಗೆಯಾದರೆ ಬೇಳೆ ಎಷ್ಟು ಬೇಕಾದೀತು? ಅಲ್ಲಿ ಬೆಲ್ಲ ಸಿಕ್ಕೀತೋ, ಇಲ್ಲಿಂದಲೇ ಒಯ್ಯಬೇಕೋ? ಕೊಟ್ಟೆ ಕಡುಬಿಗೆ ಹಲಸಿನ ಎಲೆಯಂತೂ ಅಲ್ಲಿ ಎಷ್ಟು ಹುಡುಕಿದರೂ ಸಿಗಲಿಕ್ಕಿಲ್ಲ. ತಲೆಯೊಳಗೆ ಆಗಲೇ ಒಲೆ ಹತ್ತಿತ್ತು.

"ಬರ್ತೀನಿ ಸಾರ್," ಎಂದಳು. ದನಿ ದೊಡ್ಡದಾಯಿತೆಂದು ಅವಳಿಗೇ ಗೊತ್ತಾಯಿತು, ತಗ್ಗಿಸಲಿಲ್ಲ. "ಬರೀರಿ ನನ್ನ ಹೆಸ್ರು. ಬಂದೇ ಬರ್ತೀನಿ."

ಸುಷ್ಮಾ ಕುಣಿದಳು. ಮಾಸ್ತಮ್ಮ ಗೋಡೆ ಬಿಟ್ಟು ಸೊಸೆಯ ಹೆಗಲು ಹಿಡಿದರು. ಸುದ್ದಿ ಕ್ವಾರ್ಟರ್ಸಿನ ತುಂಬ ಹಬ್ಬಲು ಕಾಲು ಗಂಟೆಯೂ ಬೇಕಾಗಲಿಲ್ಲ. ಎದುರು ಮನೆಯ ವಿಶಾಲಮ್ಮ ಓಡಿಬಂದು, ಅಲ್ಲಿಯ ಕರಡಿ ಹುಷಾರು ಎಂದರು. ಅಲ್ಲಿ ಕರಡಿ ಇಲ್ಲ, ಅದು ಇನ್ನೊಂದು ತುದಿಯಲ್ಲಿ ಎಂದು ಸುಷ್ಮಾ ಬೂದುಗುಂಬಳಕಾಯಿ ತರಲು ಓಡಿದಳು. ಬಾಗಿಲಲ್ಲಿ ಆರೆಂಟು ಮಂದಿ ಸೇರಿ, ಎಲ್ಲರೂ ಒಟ್ಟಿಗೇ ಮಾತಾಡಿ, ಅಲ್ಲಿ ಯಾವ ದಿಕ್ಕಿಗೆ ಬಾಗಿಲಿಟ್ಟು ಮನೆ ಕಟ್ಟುತ್ತಾರೆ, ಎಲ್ಲ ದಿಕ್ಕೂ ಉತ್ತರವೇ ಅಂತೆ ಹೌದಾ, ಸೂರ್ಯ ಮುಳುಗದಿದ್ದರೆ ದೇವರಿಗೆ ದೀಪ ಹಚ್ಚುವುದು ಯಾವಾಗ ಎಂದೆಲ್ಲ ಚರ್ಚೆ ನಡೆಯಿತು. ಸುಚಿತ್ರಾ ನಗುತ್ತ, ಕೇಳಿದವರಿಗೆಲ್ಲ ಉತ್ತರ ಕೊಡುತ್ತ, ಉತ್ತರ ಗೊತ್ತಿಲ್ಲದ ಕಡೆ ತಾನೇ ಹುಟ್ಟಿಸಿಕೊಂಡು ಹೇಳುತ್ತ ನಿಂತಳು.

ಹನ್ನೆರಡೂವರೆಯ ಹೊತ್ತಿಗೆ ಬಂದವರೆಲ್ಲ ಕರಗಿದರು. ಅಯ್ಯೋ, ಒಲೆಯೇ ಹಚ್ಚಿಲ್ಲವಲ್ಲ ಎಂದು ನೆನಪಾಗಿ ಅವಳು ಅಡಿಗೆಮನೆಗೆ ಬಂದಳು. ಶಿವರಾಮ ಅಲ್ಲಿದ್ದ. ಹದಿನೆಂಟು ವರ್ಷದಲ್ಲಿ ನೀರು ಕುಡಿಯಲು ಬಿಟ್ಟರೆ ಬೇರೆ ಕೆಲಸಕ್ಕೆ ಅವನು ಅಲ್ಲಿ ನಿಂತದ್ದು ಅವಳು ಕಂಡಿರಲಿಲ್ಲ. ಅಕ್ಕಿಯ ಡಬ್ಬಿ ತೆರೆದು, ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಪಾತ್ರೆಗೆ ಸುರಿಯುತ್ತಿದ್ದ.

"ಒಬ್ರಿಗೆ ಒಂದು ಲೋಟ ಅಲ್ದಾ?" ಎಂದ, ತಿರುಗದೆ.

"ಹೂಂ. ತುಂಬಿಸ್ಬೇಡಿ, ಒಂಚೂರು ಕಮ್ಮಿ."

ಅವನು ಎಣಿಸುತ್ತ ಹಾಕಿದ. ಒಂದು, ಎರಡು, ಮೂರು. ಮೂರಾದ ಮೇಲೆ ಲೋಟವನ್ನು ಡಬ್ಬಿಯೊಳಗಿಟ್ಟು, ಮುಚ್ಚಳ ಹಾಕಲು ಹೋದ. ಮನೆಯಲ್ಲಿ ಉಣ್ಣುವವರು ಈಗಿನ್ನೂ ನಾಲ್ವರು. ಅವನ ಕೈ ಮುಚ್ಚಳದ ಮೇಲೆಯೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮುಚ್ಚಳ ಬದಿಗಿಟ್ಟು, ಇನ್ನೊಂದು ಲೋಟ ಅಕ್ಕಿ ತೆಗೆದು ಪಾತ್ರೆಗೆ ಹಾಕಿ, ತಲೆ ತಗ್ಗಿಸಿ ತೊಳೆಯತೊಡಗಿದ.